ಕಷ್ಟದೊಳಗಣ ವಿಶ್ವಾಸ: ಪಂಡಿತಾ ರಮಾಬಾಯಿಯವರ ಬಾಳು

ದೇವರನ್ನು ನಂಬಿದವರಿಗೆ ಕಷ್ಟವೇಕೆ ಬರುವುದು ಎಂಬ ಪ್ರಶ್ನೆಯು ಬಹು ಪುರಾತನವಾದುದು. ನಮ್ಮ ನಾಡಿನಲ್ಲಿ ಹರಿಶ್ಚಂದ್ರನ ಕಥೆಯನ್ನು ಕೇಳಿ ಕಣ್ಣೀರು ಸುರಿಸಿದ ಅಜ್ಜಿಯರೆಲ್ಲರೂ ಈ ಪ್ರಶ್ನೆಯನ್ನು ಒಂದಲ್ಲ ಒಂದು ಬಗೆಯಲ್ಲಿ ಕೇಳಿಕೊಂಡವರೇ. ಕ್ರೈಸ್ತರ ವೇದಗ್ರಂಥದಲ್ಲಿ ಯೋಬನೆಂಬ ಸತ್ಪುರುಷನಿದ್ದಾನೆ. ಆತನು ಮಕ್ಕಳನ್ನೂ ಸಂಪತ್ತನ್ನೂ ದೇಹಾರೋಗ್ಯವನ್ನೂ ಕಳೆದುಕೊಂಡು ಬೂದಿಯ ಮೇಲೆ ಕುಳಿತಿರುವಾಗ, ಸಮಾಧಾನ ಹೇಳಲು ಬಂದ ಮಿತ್ರರು, ನೀನು ಏನೋ ಪಾಪವನ್ನು ಮಾಡಿರಬೇಕೆಂದು ವಾದಿಸುತ್ತಾರೆ. ಆ ಗ್ರಂಥದಲ್ಲಿ ದೇವರು ಕೋಪಿಸಿಕೊಳ್ಳುವುದು ಯೋಬನ ಮೇಲಲ್ಲ, ಆ ಮಿತ್ರರ ಮೇಲೆ. ಕಷ್ಟವು ಪಾಪಕ್ಕೆ ಸಾಕ್ಷಿಯಲ್ಲವೆಂಬ ಈ ಮಾತನ್ನು ಕ್ರೈಸ್ತಧರ್ಮವು ಇನ್ನೂ ಮುಂದಕ್ಕೆ ಒಯ್ದಿದೆ. ಆ ಧರ್ಮದ ನಡುವೆ ನಿಂತಿರುವುದು ಸಿಂಹಾಸನವಲ್ಲ, ಶಿಲುಬೆ.

ಕನ್ನಡ ಕ್ರೈಸ್ತರು ಬಳಸುವ 'ವಿಶ್ವಾಸ'ವೆಂಬ ಮಾತಿಗೆ ಎರಡು ಮುಖಗಳಿವೆಯೆಂದು ನಮಗೆ ತೋರುತ್ತದೆ. ದೇವರನ್ನು ನಂಬುವುದು ಒಂದು; ಆ ನಂಬಿಕೆಗೆ ಎರಡು ಬಗೆಯದೆ ನಡೆದುಕೊಳ್ಳುವುದು ಇನ್ನೊಂದು. ಮೊದಲನೆಯದು ಮನಸ್ಸಿಗೆ ಸೇರಿದ್ದು. ಎರಡನೆಯದು ದಿನದಿನದ ನಡವಳಿಕೆಗೆ ಸೇರಿದ್ದು. ಕಷ್ಟಕಾಲದಲ್ಲಿ ಎರಡನೆಯದು ಹೇಗೆ ಉಳಿಯುತ್ತದೆಂಬುದನ್ನು ತತ್ತ್ವವಾಗಿ ಹೇಳುವುದಕ್ಕಿಂತ ಒಂದು ಬಾಳನ್ನು ಮುಂದಿಟ್ಟುಕೊಂಡು ನೋಡುವುದು ಮೇಲು. ನಾವು ಆರಿಸಿಕೊಂಡಿರುವುದು ಪಂಡಿತಾ ರಮಾಬಾಯಿಯವರ ಬಾಳನ್ನು. ಮಹಾರಾಷ್ಟ್ರದವರು ಆಕೆಯನ್ನು ತಮ್ಮವರೆಂದು ಹೇಳಿಕೊಳ್ಳುತ್ತಾರೆ, ಅದು ನ್ಯಾಯವೇ. ಆದರೆ ಆಕೆಯ ತಂದೆಯ ಊರು ಕಾರ್ಕಳದ ಸಮೀಪದ ಮಾಳ. ಆಕೆ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ಪುಣೆಯಲ್ಲಿ ಓದಿದ ಘನ ಸಂಸ್ಕೃತ ವಿದ್ವಾಂಸರು. ಪೇಶ್ವೆಯ ಅರಮನೆಯಲ್ಲಿ ರಾಣಿಯೊಬ್ಬಳು ಸಂಸ್ಕೃತ ಕಲಿಯುವುದನ್ನು ಕಂಡು, ತಮ್ಮ ಪತ್ನಿಗೂ ಆ ವಿದ್ಯೆಯನ್ನು ಕಲಿಸಬೇಕೆಂದು ನಿಶ್ಚಯಿಸಿದರು. ಬಂಧುಬಳಗದವರು ಒಪ್ಪಲಿಲ್ಲ. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಮುಂದೆ ಶಾಸ್ತ್ರವಚನಗಳನ್ನೇ ಆಧಾರವಾಗಿ ತೋರಿಸಿ ತಮ್ಮ ನಡತೆಯನ್ನು ಸಮರ್ಥಿಸಿಕೊಂಡರು. ಬಳಿಕ ಪತ್ನಿ ಲಕ್ಷ್ಮೀಬಾಯಿಯವರನ್ನು ಕರೆದುಕೊಂಡು ಗಂಗಾಮೂಲದ ಕಾಡಿಗೆ ಹೋಗಿ, ಅಲ್ಲಿ ಮನೆಯನ್ನೂ ಪಾಠಶಾಲೆಯನ್ನೂ ಕಟ್ಟಿಕೊಂಡು ಇದ್ದರು. ಬಂದ ಯಾತ್ರಿಕರಿಗೂ ಶಿಷ್ಯರಿಗೂ ಅನ್ನವಿಕ್ಕಿ ಇಕ್ಕಿ ಸಾಲವಾಯಿತು. ರಮಾಬಾಯಿಯವರಿಗೆ ಆರು ತಿಂಗಳು ತುಂಬುವ ವೇಳೆಗೆ ಸಂಸಾರವು ಆ ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವನ್ನಿಳಿದನು. ಅಲ್ಲಿಂದ ಮುಂದೆ ಹದಿನಾರು ವರುಷ ಆ ಸಂಸಾರಕ್ಕೆ ನಿಂತ ಮನೆಯೆಂಬುದಿಲ್ಲ. ದೇವಾಲಯಗಳ ಜಗಲಿಯಲ್ಲಿ ಪುರಾಣವನ್ನೋದುವುದು, ಭಕ್ತರು ಕೊಟ್ಟುದರಲ್ಲಿ ಊಟಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ದಾನಮಾಡುವುದು, ಇದೇ ಜೀವನೋಪಾಯ. ತಾಯಿಯವರು ನಡೆನಡೆಯುತ್ತಲೇ ಮಗಳಿಗೆ ಸಂಸ್ಕೃತವನ್ನು ಬಾಯಿಪಾಠ ಮಾಡಿಸಿದರು.

1874ರ ಸುಮಾರಿಗೆ ದಕ್ಷಿಣದಲ್ಲಿ ಬರವು ತಲೆದೋರಿತು. ಇದ್ದ ಹಣ, ಒಡವೆ, ಪಾತ್ರೆ ಎಲ್ಲವೂ ಜಪಕ್ಕೂ ದಾನಕ್ಕೂ ಅನ್ನಕ್ಕೂ ತೀರಿಹೋದುವು. ಇಲ್ಲಿ ರಮಾಬಾಯಿಯವರು ತಾವೇ ಬರೆದಿರುವ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಕೂಲಿ ಮಾಡೋಣವೆಂದರೆ ಅವರಿಗೆ ಕೈಕೆಲಸವಾವುದೂ ತಿಳಿಯದು. ಬೇಡೋಣವೆಂದರೆ ಕುಲಾಭಿಮಾನವು ಬಿಡದು. ಸಾವಿರಾರು ಶ್ಲೋಕಗಳು ನಾಲಗೆಯ ಮೇಲಿದ್ದ ಒಂದು ಮನೆತನವು ಒಂದು ಹಿಡಿ ಅಕ್ಕಿಯನ್ನು ಸಂಪಾದಿಸಲಾರದೆ ಕಾಡನ್ನು ಹೊಕ್ಕು, ಹನ್ನೊಂದು ದಿನ ನೀರನ್ನೂ ಎಲೆಗಳನ್ನೂ ಕಾಡಿನ ಕಾಯಿಗಳನ್ನೂ ತಿಂದು ಕಳೆಯಿತು. ಕಣ್ಣು ಕಾಣದಂತಾಗಿದ್ದ ವೃದ್ಧ ತಂದೆಯವರು ಜಲಸಮಾಧಿಗೆ ಸಿದ್ಧರಾದರು. ಆಗ ಮಗ ಶ್ರೀನಿವಾಸನು ಕುಲಾಭಿಮಾನವನ್ನು ಬಿಟ್ಟು ಕೂಲಿಗೆ ಹೋಗುವೆನೆಂದು ಹೇಳಿ ತಡೆದನು. ಆದರೆ ತಡವಾಗಿತ್ತು. ಕೆಲವೇ ತಿಂಗಳುಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ತಾಯಿಯ ಶವವನ್ನು ಹೊರಲು ಬಂದವರು ಇಬ್ಬರೇ. ಉಳಿದ ಎರಡು ಹೆಗಲುಗಳು ಮಗನದೂ ಮಗಳದೂ. ಮಗಳು ಕುಳ್ಳಾಗಿದ್ದುದರಿಂದ ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊರಬೇಕಾಯಿತು.

ಅನಂತರ ಅಣ್ಣತಂಗಿಯರಿಬ್ಬರೂ ಕಾಲ್ನಡಿಗೆಯಲ್ಲಿ ಕಾಶ್ಮೀರದವರೆಗೆ ಹೋದರು. ಝೀಲಂ ನದಿಯ ದಡದಲ್ಲಿ, ಹೊದೆಯಲು ಬಟ್ಟೆಯಿಲ್ಲದೆ, ಮರಳಿನಲ್ಲಿ ಗೋರಿಯಂತಹ ಎರಡು ಗುಂಡಿಗಳನ್ನು ತೋಡಿ, ಕತ್ತಿನವರೆಗೆ ಮರಳನ್ನು ಮುಚ್ಚಿಕೊಂಡು ರಾತ್ರಿಯ ಚಳಿಯನ್ನು ಕಳೆದರಂತೆ. 1878ರಲ್ಲಿ ಅವರು ಕಲಕತ್ತೆಯನ್ನು ಸೇರಿದಾಗ ಭಾಗ್ಯವು ತಿರುಗಿತು. ಅಲ್ಲಿಯ ಪಂಡಿತರು ಈ ಇಪ್ಪತ್ತು ವರುಷದ ತರುಣಿಯನ್ನು ಪರೀಕ್ಷಿಸಿ 'ಪಂಡಿತಾ' ಎಂದೂ 'ಸರಸ್ವತಿ' ಎಂದೂ ಗೌರವಿಸಿದರು. ಕೇಶವಚಂದ್ರ ಸೇನರು ಆಕೆಗೆ ವೇದಗ್ರಂಥವನ್ನು ಕೊಟ್ಟು ಓದಲು ಪ್ರೇರಿಸಿದರು. ಅಲ್ಲಿಯೇ ಆಕೆ ಮೊದಲ ಸಲ ಕ್ರೈಸ್ತರ ಪ್ರಾರ್ಥನೆಯನ್ನು ಕಂಡದ್ದು. ಎಲ್ಲರೂ ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣುಮುಚ್ಚಿದ್ದುದನ್ನು ನೋಡಿ, ಇವರು ಕುರ್ಚಿಗಳನ್ನೇ ಪೂಜಿಸುವರೆಂದು ಆಕೆ ಭಾವಿಸಿದರಂತೆ! ಪರಮತದ ಆಚಾರಗಳನ್ನು ಹೊರಗಿನಿಂದ ನೋಡಿ ತೀರ್ಪುಕೊಡುವ ನಮಗೆಲ್ಲರಿಗೂ ಇದು ನೆನಪಿನಲ್ಲಿರತಕ್ಕ ಸಂಗತಿ.

1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಆಕೆ ವಂಗದೇಶದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ಆತನು ಬ್ರಾಹ್ಮಣನಲ್ಲ, ಆದುದರಿಂದ ಎರಡು ಕಡೆಯ ಬಂಧುಗಳೂ ದೂರವಾದರು. ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ಕಾಲರಾ ಬೇನೆಯಿಂದ ಮರಣ ಹೊಂದಿದನು. ಇಪ್ಪತ್ತನಾಲ್ಕು ತುಂಬುವುದರೊಳಗೆ ಆಕೆಗೆ ಉಳಿದಿದ್ದುದು ವರುಷ ತುಂಬದ ಒಂದು ಕೂಸು ಮಾತ್ರ.

ಸಾಮಾನ್ಯವಾಗಿ ಜನರು, ಇಷ್ಟೆಲ್ಲ ಕಷ್ಟಪಟ್ಟ ಹೆಂಗಸು ಅನ್ನವಸ್ತ್ರಗಳಿಗಾಗಿಯೋ ಮನಸ್ಸಿನ ಆಸರೆಗಾಗಿಯೋ ಕ್ರೈಸ್ತಳಾಗಿರಬೇಕೆಂದು ಊಹಿಸುತ್ತಾರೆ. ಕಾಲಗಣನೆಯು ಈ ಊಹೆಗೆ ಅನುಕೂಲವಾಗಿಲ್ಲ. ಹಸಿವಿನ ಕಾಲದಲ್ಲಿ ಆಕೆ ಕ್ರೈಸ್ತರಾಗಲಿಲ್ಲ. ಕ್ರೈಸ್ತರಾದದ್ದು ಆ ಬರಗಾಲಕ್ಕೆ ಒಂಬತ್ತು ವರುಷಗಳ ತರುವಾಯ, 1883ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಆಶ್ರಮದಲ್ಲಿ. ಅಷ್ಟು ಹೊತ್ತಿಗೆ ಆಕೆ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ್ದರು. ಹಂಟರ್ ಆಯೋಗದ ಮುಂದೆ ಸ್ತ್ರೀವಿದ್ಯಾಭ್ಯಾಸದ ವಿಷಯವಾಗಿ ಸಾಕ್ಷ್ಯ ಕೊಟ್ಟಿದ್ದರು. ದೇಶದಲ್ಲೆಲ್ಲ ಹೆಸರು ಹರಡಿತ್ತು. ಮತಾಂತರದಿಂದ ಆಕೆಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಿತ್ತು. ಮನಸ್ಸನ್ನು ತಿರುಗಿಸಿದ ಸಂಗತಿಯೆಂದು ಆಕೆ ಹೇಳಿರುವುದು ಇದು: ಲಂಡನ್ನಿನ ಫುಲ್ಹಮ್ ಭಾಗದಲ್ಲಿ, ದಾರಿತಪ್ಪಿದ ಹೆಂಗಸರನ್ನು ಆ ಸಂನ್ಯಾಸಿನಿಯರು ಪ್ರೀತಿಯಿಂದ ಉಪಚರಿಸಿ ಹೊಸ ಬಾಳಿಗೆ ತರುತ್ತಿದ್ದುದನ್ನು ಕಂಡರು. ಅಂಥವರನ್ನು ಸಮಾಜವು ಹೊರದೂಡುವುದನ್ನು ಮಾತ್ರ ನೋಡಿದ್ದ ಆಕೆಗೆ ಅದು ಅಚ್ಚರಿಯಾಯಿತು. ಇದಕ್ಕೆ ಮೂಲವೇನೆಂದು ಕೇಳಿದಾಗ, ಬಾವಿಯ ಬಳಿ ಯೇಸುವು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಅಧ್ಯಾಯವನ್ನು ಒಬ್ಬ ಸಂನ್ಯಾಸಿನಿಯು ಓದಿ ತೋರಿಸಿದಳು.

ದೀಕ್ಷೆಯ ತರುವಾಯ ಕಷ್ಟಗಳು ತೀರಿದುವೆಂದರೆ ಅದೂ ಇಲ್ಲ. ಆಕೆಯ ಜೊತೆಯಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಆನಂದೀಬಾಯಿ ಭಗತ್ ಎಂಬಾಕೆ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಿದ್ದಳು. ರಮಾಬಾಯಿಯವರ ಕಿವಿಯು ಮಂದವಾಗಿ, ವೈದ್ಯಶಾಸ್ತ್ರವನ್ನು ಓದಬೇಕೆಂಬ ಆಶೆಯು ಮುರಿಯಿತು. ಇದಕ್ಕಿಂತ ಮುಖ್ಯವಾಗಿ, ತಾವು ಸೇರಿದ ಸಭೆಯ ಹಿರಿಯರೊಡನೆಯೇ ತಿಕ್ಕಾಟ ಹುಟ್ಟಿತು. ಚೆಲ್ಟೆನ್‌ಹ್ಯಾಮ್ ಕಾಲೇಜಿನಲ್ಲಿ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳಬಹುದೆಂಬ ಸೂಚನೆ ಬಂದಾಗ ಭಾರತದ ಬಿಷಪ್ಪರು ಆಕ್ಷೇಪಿಸಿದರು. ತಂದೆತಾಯಿಗಳ ಕಾಲದಿಂದಲೂ ಪುರುಷರ ಸಭೆಗಳಲ್ಲಿ ಪುರಾಣ ಹೇಳುತ್ತ ಬಂದ ಆಕೆಗೆ ಈ ಆಕ್ಷೇಪಣೆಯು ಸಹಿಸಲಾಗಲಿಲ್ಲ. ಸಭೆಯ ಸಿದ್ಧಾಂತಸೂತ್ರಗಳಲ್ಲಿ ಕೆಲವನ್ನು ಆಕೆ ಒಪ್ಪಲಿಲ್ಲ; ಬೈಬಲಿನಲ್ಲಿ ತಾನೇ ಓದಿ ತಿಳಿದುದನ್ನು ಮಾತ್ರ ನಂಬುವೆನೆಂದರು. ಮಾಂಸವನ್ನು ಮುಟ್ಟಲಿಲ್ಲ, ಮೊಟ್ಟೆ ಬೆರೆತ ಭಕ್ಷ್ಯವನ್ನೂ ಒಲ್ಲೆನೆಂದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಿದ್ದರಾಗದೆ ಎಂದು ಕೇಳಿದರು. ಆಕೆಯ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಇದೆಲ್ಲವೂ ಗರ್ವವೆಂದು ತೋರಿತು. ಇಬ್ಬರ ನಡುವೆ ನಡೆದ ಪತ್ರವ್ಯವಹಾರವು ಪುಸ್ತಕವಾಗಿ ಪ್ರಕಟವಾಗಿದೆ; ಓದತಕ್ಕದ್ದು. ಒಂದು ಪುರೋಹಿತವರ್ಗದ ನೊಗವನ್ನು ಕಷ್ಟದಿಂದ ಇಳಿಸಿದವಳು ಇನ್ನೊಂದಕ್ಕೆ ಕತ್ತು ಕೊಡಲಾರೆನೆಂಬುದು ಆಕೆಯ ಉತ್ತರದ ಸಾರ.

ವಿಧೇಯತೆಯನ್ನೇ ಭಕ್ತಿಯೆಂದು ಭಾವಿಸುವವರಿಗೆ ರಮಾಬಾಯಿಯವರು ಒಳ್ಳೆಯ ಕ್ರೈಸ್ತರಾಗಿ ಕಾಣಿಸಲಾರರು. ನಮಗೆ ತೋರುವುದು ಬೇರೆ. ಎರಡು ಕಡೆಯವರೂ ಕೈಬಿಡಬಹುದೆಂಬ ಅರಿವಿದ್ದೂ ಮನಸ್ಸಾಕ್ಷಿಯನ್ನು ಒತ್ತೆಯಿಡದಿರುವುದು ವಿಶ್ವಾಸದ ಕಠಿನವಾದ ಭಾಗ. ಹಸಿವನ್ನು ತಾಳುವುದಕ್ಕಿಂತಲೂ ಕಠಿನವೋ ಏನೋ.

1886ರಲ್ಲಿ ಆಕೆ ಅಮೆರಿಕಕ್ಕೆ ಹೋಗಿ, ಮರುವರುಷ ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದರು. ಅಲ್ಲಿ ದೊರೆತ ಧನಸಹಾಯದಿಂದ 1889ರ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ 'ಶಾರದಾ ಸದನ'ವು ತೆರೆಯಿತು. ಮರುವರುಷ ಅದು ಪುಣೆಗೆ ಬಂದಿತು. ಸದನದಲ್ಲಿ ಮತಬೋಧನೆ ಮಾಡುವುದಿಲ್ಲವೆಂಬುದು ಒಪ್ಪಂದ. ರಾನಡೆ, ಭಂಡಾರಕರ್ ಮೊದಲಾದ ಮಹನೀಯರು ಸಲಹಾಮಂಡಲಿಯಲ್ಲಿದ್ದರು. ಪ್ರತಿದಿನ ಬೆಳಗ್ಗೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳಲಾರಂಭಿಸಿದರು. ಇದರಿಂದ ಪುಣೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. ತಿಲಕರ 'ಕೇಸರಿ'ಯು ತೀವ್ರವಾಗಿ ಖಂಡಿಸಿತು. 1893ರಲ್ಲಿ ಸಲಹಾಮಂಡಲಿಯವರು ರಾಜೀನಾಮೆ ಕೊಟ್ಟರು. ಅನೇಕ ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು.

ಈ ವಿವಾದದಲ್ಲಿ ಒಂದೇ ಪಕ್ಷವನ್ನು ಹಿಡಿಯುವುದು ಸುಲಭವಲ್ಲ. ಆಶ್ರಯವಿಲ್ಲದ ಎಳೆಯ ವಿಧವೆಯರ ಮೇಲೆ ಅನ್ನವಿಕ್ಕುವ ತಾಯಿಯ ಪ್ರಭಾವವು ಎಷ್ಟಿರುವುದೆಂದು ರಾನಡೆಯವರಂತಹ ಹಿತೈಷಿಗಳು ಶಂಕಿಸಿದುದು ಅನ್ಯಾಯವಲ್ಲ. ಆದರೆ ತನ್ನ ಮನೆಯಲ್ಲಿ ತಾನು ಪ್ರಾರ್ಥಿಸುವಾಗ ಬಾಗಿಲಿಗೆ ಅಗುಳಿ ಹಾಕಬೇಕೆಂಬ ಬೇಡಿಕೆಯು ನ್ಯಾಯವೆ? ಸದನದ ಮೊದಲ ವಿಧವೆ ವಿದ್ಯಾರ್ಥಿನಿಯಾದ ಗೋದೂಬಾಯಿಯವರು ಹಿಂದೂವಾಗಿಯೇ ಉಳಿದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಆ ಕರ್ವೆಯವರೇ ಮುಂದೆ ಪುಣೆಯಲ್ಲಿ ವಿಧವಾಶ್ರಮವನ್ನು ಸ್ಥಾಪಿಸಿದವರು. ಈ ಒಂದು ಉದಾಹರಣೆಯು ವಿವಾದವನ್ನು ಮುಗಿಸುವುದಿಲ್ಲ, ಆದರೆ ತಕ್ಕಡಿಯಲ್ಲಿ ಇಡಬೇಕಾದ ತೂಕವಂತೂ ಹೌದು.

ವಿಚಿತ್ರವೆಂದರೆ, ಈ ಗದ್ದಲದ ವೇಳೆಗೆ ರಮಾಬಾಯಿಯವರು ತಾವು ನಿಜವಾಗಿ ಕ್ರೈಸ್ತರೇ ಎಂದು ತಮ್ಮನ್ನೇ ಕೇಳಿಕೊಂಡಿದ್ದರು. ಕ್ರೈಸ್ತಮತವು ತಮಗೆ ಸಿಕ್ಕಿತು, ಕ್ರಿಸ್ತನು ಸಿಕ್ಕಲಿಲ್ಲವೆಂದು ಬಹುಕಾಲ ತೊಳಲಿ, ದೀಕ್ಷೆಯಾದ ಎಂಟು ವರುಷಗಳ ಮೇಲೆ, 1891ರ ಸುಮಾರಿಗೆ, ಮನಸ್ಸು ನೆಲೆಗೊಂಡಿತೆಂದು ಬರೆದಿದ್ದಾರೆ. ಎಂಟು ವರುಷ! ಮತಾಂತರವೆಂದರೆ ಒಂದು ದಿನದ ಸಮಾರಂಭವೆಂದು ತಿಳಿದಿರುವ ಪಕ್ಷಪಾತಿಗಳು, ಪರವಾಗಿರಲಿ ವಿರೋಧವಾಗಿರಲಿ, ಈ ಎಂಟು ವರುಷಗಳನ್ನು ಮರೆಯುತ್ತಾರೆ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮ ಬಂದಿತು. ಆ ಸುದ್ದಿಯನ್ನು ಕೇಳಿದೊಡನೆ ರಮಾಬಾಯಿಯವರಿಗೆ ಇಪ್ಪತ್ತೆರಡು ವರುಷಗಳ ಹಿಂದಿನ ಕಾಡು ನೆನಪಿಗೆ ಬಂದಿತು. ತಾವೇ ಹೊರಟು, ಬಿಡಾರಗಳಲ್ಲಿಯೂ ಬೀದಿಗಳಲ್ಲಿಯೂ ಎಲುಬಿನ ಗೂಡುಗಳಾಗಿದ್ದ ಹೆಣ್ಣುಮಕ್ಕಳನ್ನು ಆರಿಸಿ ತಂದರು. ತಡಮಾಡಿದರೆ ಆ ಹುಡುಗಿಯರು ಹಸಿವಿನಿಂದ ಉಳಿದರೂ ದುಷ್ಟರ ಕೈಗೆ ಸಿಕ್ಕುವರೆಂಬುದನ್ನು ಆಕೆ ಬಲ್ಲರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿ, ಊರೊಳಗೆ ಹೊಸಬರನ್ನು ಇಟ್ಟುಕೊಳ್ಳಲು ಅಧಿಕಾರಿಗಳು ಬಿಡದಿದ್ದುದರಿಂದ, ಪುಣೆಗೆ ಸುಮಾರು 35 ಮೈಲಿ ದೂರದ ಕೇಡಗಾಂವಿನಲ್ಲಿ ಕೊಂಡಿದ್ದ ಬಯಲುಭೂಮಿಗೆ ಅವರನ್ನು ಸಾಗಿಸಿದರು. 'ಮುಕ್ತಿ'ಯೆಂಬ ಸಂಸ್ಥೆಯು ಹುಟ್ಟಿದುದು ಹೀಗೆ. ಮೊದಲು ಡೇರೆಗಳು, ಹುಲ್ಲಿನ ಗುಡಿಸಲುಗಳು; ಆಮೇಲೆ ಬಾವಿಗಳು, ಕಟ್ಟಡಗಳು. ಪ್ಲೇಗಿನ ಆಸ್ಪತ್ರೆಯಲ್ಲಿ ತಮ್ಮ ಹುಡುಗಿಯೊಬ್ಬಳಿಗೆ ಆದ ಗತಿಯನ್ನು ಕುರಿತು ಆಕೆ ಪತ್ರಿಕೆಯಲ್ಲಿ ಸರಕಾರವನ್ನೇ ದೂರಿದರು. ಕ್ರೈಸ್ತ ಸರಕಾರವೆಂಬ ದಾಕ್ಷಿಣ್ಯವನ್ನು ಇಟ್ಟುಕೊಳ್ಳಲಿಲ್ಲ. 1900ರಲ್ಲಿ ಗುಜರಾತಿನ ಕ್ಷಾಮದ ಮಕ್ಕಳೂ ಸೇರಿ ಮುಕ್ತಿಯ ನಿವಾಸಿಗಳ ಸಂಖ್ಯೆಯು ಸುಮಾರು 1,900ಕ್ಕೆ ಏರಿತು.

ಅಲ್ಲಿ ನಡೆಯುತ್ತಿದ್ದ ಕೆಲಸಗಳನ್ನು ನೋಡಿದರೆ ಹಳೆಯ ಕಾಡಿನ ಪಾಠವು ಹೇಗೆ ಫಲಿಸಿತೆಂಬುದು ಗೊತ್ತಾಗುತ್ತದೆ. ನೆಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನು, ಬಟ್ಟೆ ಒಗೆಯುವುದು, ಅಡಿಗೆ, ತೋಟದ ಕೆಲಸ, ಅಚ್ಚುಕೂಟ: ಪ್ರತಿಯೊಬ್ಬ ಹುಡುಗಿಯೂ ಓದುಬರಹದೊಡನೆ ಒಂದು ಕೈಕೆಲಸವನ್ನು ಕಲಿಯಲೇಬೇಕು. ಕುರುಡಿಯರಿಗೆ ಬ್ರೈಲ್ ಲಿಪಿಯ ಪಾಠವೂ ಇದ್ದಿತು. ಬಿದ್ದವರೆಂದು ಜನರು ದೂರಮಾಡಿದ ಹೆಂಗಸರಿಗೆ 'ಕೃಪಾ ಸದನ'ವೆಂಬ ಬೇರೆಯ ಮನೆ. ಸಾವಿರ ಶ್ಲೋಕ ಬಲ್ಲ ಮನೆತನವು ಕೈಕೆಲಸವರಿಯದೆ ಸತ್ತುದನ್ನು ಕಂಡ ಮಗಳಲ್ಲದೆ ಇನ್ನಾರು ಈ ಪಾಠಪಟ್ಟಿಯನ್ನು ಹೀಗೆ ಬರೆದಾರು?

ಪುಣೆಯ ಸದನದಂತೆ ಮುಕ್ತಿಯು ಮತದ ವಿಷಯದಲ್ಲಿ ತಟಸ್ಥವಾಗಿರಲಿಲ್ಲ. ಅದು ಪ್ರಕಟವಾಗಿಯೇ ಕ್ರೈಸ್ತಸಂಸ್ಥೆ. ಅನಾಥ ಮಕ್ಕಳು ಅಲ್ಲಿ ಕ್ರೈಸ್ತರಾಗಿಯೇ ಬೆಳೆದರು. ಅನ್ನದ ಜೊತೆಗೆ ಮತವನ್ನು ಕೊಡುವುದು ಸರಿಯೆ ಎಂಬ ಪ್ರಶ್ನೆಯು ಇಲ್ಲಿ ಹಿಂದಿಗಿಂತ ತೀಕ್ಷ್ಣವಾಗುತ್ತದೆ. ಆಕೆಯನ್ನು ಮೆಚ್ಚುವವರು ಇದನ್ನು ಮರೆಮಾಚುವುದು ಆಕೆಯ ಸತ್ಯನಿಷ್ಠೆಗೆ ತಕ್ಕುದಲ್ಲ. ಆ ಮಕ್ಕಳನ್ನು ಎತ್ತಿಕೊಳ್ಳಲು ಆ ದಿನ ಬೇರೆ ಎಷ್ಟು ಕೈಗಳು ಮುಂದೆ ಬಂದುವೆಂಬ ಪ್ರಶ್ನೆಯನ್ನೂ ಅದರ ಪಕ್ಕದಲ್ಲಿಯೇ ಇಡಬೇಕು.

ಮಗಳು ಮನೋರಮೆಯು ಇಂಗ್ಲೆಂಡ್ ಅಮೆರಿಕಗಳಲ್ಲಿ ಓದಿ ಬಂದು ತಾಯಿಯ ಬಲಗೈಯಾದಳು. ನಮ್ಮ ಗುಲ್ಬರ್ಗದಲ್ಲಿಯೂ, ಅಂದಿನ ನಿಜಾಮರ ಸೀಮೆಯಲ್ಲಿ, ತಾಯಿಮಗಳು ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಘಟ್ಟದ ಕಾಡಿನಿಂದ ಬುಟ್ಟಿಯಲ್ಲಿ ಹೊರಟ ಕೂಸು ಹೀಗೆ ಕನ್ನಡ ನಾಡಿಗೆ ಇನ್ನೊಂದು ಕಡೆಯಿಂದ ಹಿಂದಿರುಗಿತೆನ್ನಬಹುದು. ತಾಯಿಯ ತರುವಾಯ ಮುಕ್ತಿಯ ಭಾರವನ್ನು ಹೊರತಕ್ಕವಳು ಮನೋರಮೆಯೇ ಎಂದು ಎಲ್ಲರೂ ತಿಳಿದಿದ್ದರು. ಆಕೆ 1921ರ ಜುಲೈಯಲ್ಲಿ, ನಲವತ್ತು ವರುಷದವಳಾಗಿದ್ದಾಗ, ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳುಹಿಸಿದ ತಾಯಿಯು ಅರುವತ್ತಮೂರನೆಯ ವಯಸ್ಸಿನಲ್ಲಿ ಒಬ್ಬಳೇ ಮಗಳನ್ನೂ ಕಳುಹಿಸಿಕೊಟ್ಟಳು. ಕಿವಿಯು ಕೇಳಿಸುತ್ತಿರಲಿಲ್ಲ, ದೇಹವು ಬಳಲಿತ್ತು.

ಆದರೂ ಒಂದು ಕೆಲಸವು ಉಳಿದಿದ್ದಿತು. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಭಾಷೆಯು ಹಳ್ಳಿಯ ಹೆಂಗಸರಿಗೆ ಅರ್ಥವಾಗದೆಂದು ಕಂಡು, ಆಕೆ ಹಲವು ವರುಷಗಳ ಹಿಂದೆಯೇ ಗ್ರೀಕ್ ಹೀಬ್ರೂ ಭಾಷೆಗಳನ್ನು ಕಲಿತು, ಇಡೀ ಗ್ರಂಥವನ್ನು ಸುಲಭವಾದ ಮರಾಠಿಯಲ್ಲಿ ಹೊಸದಾಗಿ ಬರೆಯಲಾರಂಭಿಸಿದ್ದರು. ಮಗಳು ಸತ್ತ ಮೇಲೂ ಆ ಕೆಲಸವು ನಿಲ್ಲಲಿಲ್ಲ. ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದವರು, ಕಾಗದವನ್ನು ಅಚ್ಚಿಗೆ ಕೊಡುತ್ತಿದ್ದವರು ಎಲ್ಲರೂ ಮುಕ್ತಿಯ ಹೆಂಗಸರೇ. ಅಕ್ಷರವನ್ನರಿಯದೆ ಕ್ಷಾಮದ ಬೀದಿಯಿಂದ ಬಂದ ಹುಡುಗಿಯರೂ ಅವರಲ್ಲಿದ್ದರು. ಕೊನೆಯ ಕರಡಚ್ಚುಗಳನ್ನು ತಿದ್ದಿ ಮುಗಿಸಿದ ಕೆಲವೇ ದಿನಗಳಲ್ಲಿ, 1922ರ ಏಪ್ರಿಲ್ 5ರಂದು, ರಮಾಬಾಯಿಯವರು ನಿದ್ರೆಯಲ್ಲಿಯೇ ತೀರಿಕೊಂಡರು. ಪುಸ್ತಕವು ಪೂರ್ತಿಯಾಗಿ ಹೊರಬಂದದ್ದು ಅದಾದ ಎರಡು ವರುಷಗಳ ಮೇಲೆ.